ರೇಪಿಯರ್ ಮಾಡೋಕೆ ಇಳೀತಿದೀನಿ, ಮೊದಲು ಅಲಗಾ ಹಿಡಿನಾ?

ಕಿಡಿಗೇಡಿ_ಕಮ್ಮಾರ:

ಎಲ್ರಿಗೂ ನಮಸ್ಕಾರ. ಚಾಕು, ಮಚ್ಚು ಅಂತ ಸಣ್ಣಪುಟ್ಟದ್ದು ಬಡ್ಕೊಂಡು ಇರೋನು ನಾನು. ಒಂದು ಪುಟ್ಟ ಗ್ಯಾಸ್ ಕುಲುಮೆ, ಬೆಲ್ಟ್ ಗ್ರೈಂಡರ್, ಆಂಗಲ್ ಗ್ರೈಂಡರ್ ಇದೆ, ವೆಲ್ಡಿಂಗ್ ಬರತ್ತೆ ಆದ್ರೆ ಅಷ್ಟಕ್ಕಷ್ಟೇ. ಈಗ ತಲೆಗೆ ಹತ್ತಿರೋ ಹುಚ್ಚು ರೇಪಿಯರ್. 1600ರ ಆಸುಪಾಸು ಇಟಲಿ, ಸ್ಪೇನ್ ಕಡೆ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಿದ್ರಲ್ಲ, ಮಾತಿಗೆ ಮಾತು ಬೆಳೆದು ಡ್ಯುಯೆಲ್ ಅಂತ ನಿಂತ್ರೆ ಕೈಗೆ ಬರ್ತಿದ್ದಿದ್ದೂ ಅದೇ, ಉದ್ದಕ್ಕೆ ಸಪೂರ ಅಲಗು, ಹಿಡಿ ಸುತ್ತ ಬಾಗಿ ಬಳುಕಿ ಹೋಗೋ ಕಂಬಿಗಳು, ಆ ಸ್ವೆಪ್ಟ್ ಹಿಲ್ಟ್ ಮಾದರಿ. ಮ್ಯೂಸಿಯಂ ಫೋಟೋ ನೋಡಿ ನೋಡಿ ಸ್ಕೆಚ್ ಕೂಡ ಹಾಕಿಟ್ಟಿದೀನಿ.

ಡೌಟ್ ಸುಮಾರಿವೆ. ಹಳೆ ಲಾರಿ ಲೀಫ್ ಸ್ಪ್ರಿಂಗ್ ಬಿದ್ದಿದೆ, ಅದು ಆಗತ್ತಾ? ನನ್ನ ಕುಲುಮೆಯಲ್ಲಿ ಒಂದಡಿ ಮಾತ್ರ ಕೆಂಪಾಗತ್ತೆ, ಒಂದು ಮೀಟರ್ ಅಲಗಿಗೆ ಹದ ಕೊಡೋದು ಹೇಗೆ? ಹಿಡಿಯ ಕಂಬಿಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅಂತ ಎಷ್ಟು ನೋಡಿದ್ರೂ ತಲೆಬುಡ ಗೊತ್ತಾಗ್ತಿಲ್ಲ. ಮತ್ತೆ ಇದು ಹಗುರ ಇರ್ಬೇಕಲ್ವಾ, 600-700 ಗ್ರಾಂ ಒಳಗೆ ತರೋದು ಹೇಗೆ? ಅಂದ ಹಾಗೆ ನಾನು ಎಡಗೈಯವನು, ಅದ್ರಿಂದ ಏನಾದ್ರೂ ವ್ಯತ್ಯಾಸ ಆಗತ್ತಾ? ಬರೀ ಗೋಡೆಗೆ ತೂಗಿಹಾಕೋಕಲ್ಲ, ಕೈಗೆ ತಗೊಂಡ್ರೆ ನಿಜವಾದ್ದು ಅನ್ನಿಸ್ಬೇಕು ಅಷ್ಟೇ.

ಅರದಪುಡಿ:

ಮೊದಲು ಆ 600 ಗ್ರಾಂ ಲೆಕ್ಕ ತಲೆಯಿಂದ ತೆಗೆದುಹಾಕಿ ಸರ್. ರೇಪಿಯರ್ ಅಂದ್ರೆ ಗರಿ ಥರ ಹಗುರ ಅನ್ನೋದು ಸಿನಿಮಾ ಕಟ್ಟಿದ ಕಥೆ. ಉಳ್ಕೊಂಡಿರೋ ಹಳೆ ರೇಪಿಯರ್‌ಗಳು ಬಹುಪಾಲು 1 ಕೆಜಿಯಿಂದ 1.3 ಕೆಜಿ ತೂಗ್ತವೆ, ಅಲಗೇ 1 ಮೀಟರ್ ಅಥ್ವಾ ಅದಕ್ಕಿಂತ ಉದ್ದ. ಇಂಗ್ಲೆಂಡ್‌ನಲ್ಲಿ ಎಲಿಜಬೆತ್ ರಾಣಿ ಕಾಲಕ್ಕೆ ಈ ಉದ್ದದ ಹುಚ್ಚು ಎಲ್ಲಿಗೆ ಮುಟ್ಟಿತ್ತು ಅಂದ್ರೆ ಅಲಗು ಇಷ್ಟಕ್ಕಿಂತ ಉದ್ದ ಇರ್ಕೂಡ್ದು ಅಂತ ಸರ್ಕಾರಿ ಆಜ್ಞೆಯೇ ಹೊರಡಿಸ್ಬೇಕಾಯ್ತು, ಆ ಮಿತಿನೂ ಸುಮಾರು 1 ಮೀಟರ್ ಹತ್ರಾನೇ ಬರತ್ತೆ. ನಿಮಗೆ ನಿಜವಾಗ್ಲೂ ಹಗುರ ಬೇಕಂದ್ರೆ ಅದು ಬೇರೆ ಜಾತಿ, ಸ್ಮಾಲ್‌ಸ್ವೋರ್ಡ್ ಅಂತ, 17ನೇ ಶತಮಾನದ ಕೊನೆಗೆ ಬಂದು 18ನೇ ಶತಮಾನ ಪೂರ್ತಿ ನಡೀತು. ಅಲಗು 80 ಸೆಂ.ಮೀ. ಆಸುಪಾಸು, ಇಡೀ ಕತ್ತಿ ಅರ್ಧ ಕೆಜಿ ಒಳಗೆ. ಆದ್ರೆ ಅದರ ಅಲಗು ಮೂರು ಮೂಲೆಯದು, ಮೂರೂ ಮುಖ ಒಳಕ್ಕೆ ತಗ್ಗು, ಅದನ್ನ ಕೈಯಲ್ಲಿ ಮಾಡೋದು ರೇಪಿಯರ್‌ಗಿಂತ ತಲೆನೋವು. ಹಿಡಿಯಲ್ಲಿ ನೀವು ಹೇಳಿದ ಕಂಬಿ ಕೆಲಸಾನೂ ಇರಲ್ಲ, ಎರಡು ಚಿಪ್ಪು ಒಂದು ಬಿಲ್ಲು ಅಷ್ಟೇ.

ರೇಪಿಯರ್ ಕೈಗೆ ಹಗುರ ಅನ್ನಿಸೋದು ತೂಕ ಕಮ್ಮಿ ಇರೋದಕ್ಕಲ್ಲ, ತೂಕ ಎಲ್ಲ ಕೈ ಹತ್ರ ಇರೋದಕ್ಕೆ. ಅದಕ್ಕೆ ಅಲಗು ಬುಡದಿಂದ ತುದಿಗೆ ಹೋಗ್ತಾ ಹೋಗ್ತಾ ತೆಳ್ಳಗಾಗ್ಬೇಕು. ಅಗಲ ಅಲ್ಲ, ದಪ್ಪ. ಅಗಲ ಎಲ್ರಿಗೂ ಕಣ್ಣಿಗೆ ಕಾಣತ್ತೆ, ದಪ್ಪ ಫೋಟೋದಲ್ಲಿ ಕಾಣಲ್ಲ, ಅದಕ್ಕೇ ಫೋಟೋ ನೋಡಿ ಮಾಡಿದ ಕತ್ತಿಗಳೆಲ್ಲ ಸಲಾಕೆ ಆಗಿ ಕೂತಿರ್ತವೆ. ಬುಡದಲ್ಲಿ 6-7 ಮಿ.ಮೀ. ಇದ್ರೆ ತುದಿ ಹತ್ರ 3 ಮಿ.ಮೀ.ಗೆ ಇಳೀಲಿ. ಹಾಗಂತ ಹಗುರ ಮಾಡ್ತೀನಿ ಅಂತ ಉದ್ದಕ್ಕೂ ಉಜ್ಜಿಬಿಟ್ರೆ ಅಲಗು ಜೋಲುತ್ತೆ. ಜೋಲಿದ್ರೆ ಹದ ಸರಿಯಿಲ್ಲ ಅಂತ ಮತ್ತೆ ಕುಲುಮೆಗೆ ಹಾಕೋರನ್ನ ನೋಡಿದೀನಿ, ಹದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ಗಟ್ಟಿ ಹದ ಆಗಲಿ ಮೆತ್ತಗಿನ ಹದ ಆಗಲಿ ಉಕ್ಕು ಬಾಗೋಕೆ ಬೇಕಾದ ಬಲ ಹೆಚ್ಚುಕಮ್ಮಿ ಒಂದೇ, ಹದ ತೀರ್ಮಾನ ಮಾಡೋದು ಬಾಗಿದ ಮೇಲೆ ವಾಪಸ್ ನೆಟ್ಟಗಾಗತ್ತಾ, ಹಾಗೇ ಉಳಿಯತ್ತಾ, ಮುರಿಯತ್ತಾ ಅನ್ನೋದನ್ನ. ಬಿಗಿತ ಬರೋದು ದಪ್ಪದಿಂದ, ಅದೂ ದಪ್ಪದ ಘನದ ಲೆಕ್ಕದಲ್ಲಿ. 10 ಪರ್ಸೆಂಟ್ ದಪ್ಪ ಉಜ್ಜಿ ಹಾಕಿದ್ರೆ ಬಿಗಿತ 27 ಪರ್ಸೆಂಟ್ ಹೋಗತ್ತೆ. ಹಾಗಾಗಿ ಕ್ಯಾಲಿಪರ್ ಕೈಯಲ್ಲೇ ಇರ್ಲಿ, ಪ್ರತಿ 10 ಸೆಂ.ಮೀ.ಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ ಅಲ್ಲಲ್ಲಿ ಎಷ್ಟಿರ್ಬೇಕು ಅಂತ ಮೊದಲೇ ಬರ್ಕೊಳಿ.

ಲೀಫ್ ಸ್ಪ್ರಿಂಗ್ ಬಗ್ಗೆ, ಮಚ್ಚಿಗೆ ಓಕೆ, ಇದಕ್ಕೆ ಬೇಡ. ವರ್ಷಗಟ್ಲೆ ಲೋಡ್ ಹೊತ್ತು ಬಾಗಿರೋ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಇರಬಹುದು, ಎಲ್ಲ ಕೆಲಸ ಮುಗಿದು ಹದ ಕೊಡೋಕೆ ಕೆಂಪಗೆ ಕಾಯಿಸಿ ಎಣ್ಣೆಗೆ ಇಳಿಸಿದಾಗ ಬಾಯಿ ಬಿಡತ್ತೆ. 5160 ಅಥ್ವಾ 80CrV2 ಅನ್ನೋ ಜಾತಿ ಉಕ್ಕಿನ ಹೊಸ ಪಟ್ಟಿ ತಗೊಳಿ, ಏನು ಉಕ್ಕು ಅಂತ ಗೊತ್ತಿದ್ರೆ ಹದಾನೂ ಗೊತ್ತಿರತ್ತೆ.

ತಂತಿ_ಸುತ್ತೋಳು:

ನಿಮ್ಮ ಹೆಡ್ಡಿಂಗ್ ಪ್ರಶ್ನೆಗೆ ನನ್ನ ಉತ್ತರ ಹಿಡಿ ಮೊದಲು, ಅಲಗು ರೆಡಿಮೇಡ್ ತಗೊಳಿ. ಬೇಜಾರ್ ಮಾಡ್ಕೋಬೇಡಿ, ಇದೇನು ಮೋಸ ಅಲ್ಲ. ಆ ಕಾಲದಲ್ಲೂ ಒಬ್ನೇ ಕೂತು ಇಡೀ ಕತ್ತಿ ಮಾಡ್ತಿರ್ಲಿಲ್ಲ. ಅಲಗುಗಳು ಸ್ಪೇನಿನ ಟೊಲೆಡೊ, ಜರ್ಮನಿಯ ಸೊಲಿಂಗನ್, ಪಸ್ಸಾವ್ ಇಂಥ ಕಡೆಯಿಂದ ಕಟ್ಟು ಕಟ್ಟಾಗಿ ಯುರೋಪ್ ತುಂಬ ಹೋಗ್ತಿದ್ವು, ಹಿಡಿ ಮಾಡೋರು ಬೇರೆ, ಎರಡನ್ನೂ ತಂದು ಜೋಡಿಸಿ ಗಿರಾಕಿ ಕೈಗೆ ಕೊಡೋ ಅಂಗಡಿಯವ್ನು ಇನ್ನೊಬ್ಬ. ಸೊಲಿಂಗನ್‌ನವ್ರು ಅಲಗಿನ ಮೇಲೆ ಪಸ್ಸಾವ್‌ನ ಓಡೋ ತೋಳದ ಗುರುತು ಹೊಡೆಯೋದು, ಟೊಲೆಡೊ ಕಮ್ಮಾರರ ಹೆಸರು ಕೆತ್ತೋದು ಎಲ್ಲ ಮಾಡ್ತಿದ್ರು, ಡೂಪ್ಲಿಕೇಟ್ ಮಾಲು ನಮ್ಮ ಕಾಲದ್ದೇನಲ್ಲ.

ಈಗ ಹಿಡಿ. ನಿಮಗೆ ತಲೆಬುಡ ಗೊತ್ತಾಗದೆ ಇರೋದಕ್ಕೆ ಕಾರಣ ಅದನ್ನ ಚಿತ್ರವಾಗಿ ನೋಡ್ತಿದೀರ, ಕೈ ಇಟ್ಟು ನೋಡಿ. ಆಗ ರೇಪಿಯರ್ ಹಿಡೀವಾಗ ತೋರುಬೆರಳನ್ನ ಅಡ್ಡ ಕಂಬಿ, ಅಂದ್ರೆ ಕ್ವಿಲಾನ್, ಅದರ ಮುಂದಕ್ಕೆ ದಾಟಿಸಿ ಅಲಗಿನ ಬುಡಕ್ಕೆ ಕೊಕ್ಕೆ ಹಾಕೋರು. ಅಲ್ಲಿ ಅಲಗಿಗೆ ಹರಿತ ಇರಲ್ಲ, ಅದೇ ರಿಕಾಸೊ. ಮುಂದೆ ಬಂದ ಆ ಬೆರಳು ಕತ್ತರಿಸಿ ಹೋಗದೆ ಇರ್ಲಿ ಅಂತ ಅದರ ಸುತ್ತ ಎರಡು ಬಳೆ. ಆ ಬಳೆಗಳ ತುದಿಗೆ ಆನಿಸಿ ಹೊರಗಡೆ ಒಂದು ದೊಡ್ಡ ಉಂಗುರ, ಅದು ಮುಂಗೈಗೆ. ಗೆಣ್ಣುಗಳ ಮುಂದೆ ಪಾಮೆಲ್, ಅಂದ್ರೆ ಹಿಡಿಯ ಕೊನೆಯ ಗುಂಡು, ಅದರ ತನಕ ಬರೋ ಬಿಲ್ಲು. ಆ ಬಿಲ್ಲಿಂದ ಬಳೆಗೆ ಓರೆಯಾಗಿ ಹೋಗೋ ಒಂದೋ ಎರಡೋ ಕಂಬಿ. ಒಳಗಡೆ, ಹೆಬ್ಬೆರಳ ಕಡೆ, ಕಮ್ಮಿ ಕಂಬಿ. ಇಷ್ಟೇ. ಜೋಡಿಸೋ ಕ್ರಮಾನೂ ಇದೇ. ಅಡ್ಡ ಕಂಬಿ, ಬಳೆ, ದೊಡ್ಡ ಉಂಗುರ, ಬಿಲ್ಲು, ಓರೆ ಕಂಬಿ, ಕೊನೆಗೆ ಒಳಗಡೆಯದು.

ಹೊರಗಡೆ ಜಾಸ್ತಿ ಒಳಗಡೆ ಕಮ್ಮಿ ಅಂದ್ನಲ್ಲ, ನೀವು ಎಡಗೈ ಅಂದಿದ್ದು ಇಲ್ಲಿ ಮುಖ್ಯ ಆಗತ್ತೆ. ಮ್ಯೂಸಿಯಂನಲ್ಲಿರೋದು ಹೆಚ್ಚಿನವು ಬಲಗೈಯವು. ನಿಮ್ಮ ಸ್ಕೆಚ್ ಹಾಗೇ ಮಾಡಿದ್ರೆ ನಿಮ್ಮ ಮುಂಗೈ ಬಯಲಾಗಿ, ಕಂಬಿಗಳೆಲ್ಲ ಅಂಗೈ ಕಡೆ ಕಾವಲು ಕಾಯ್ತಾ ಇರ್ತವೆ. ಫೋಟೋನ ಫೋನಲ್ಲೇ ಕನ್ನಡಿ ಮಾಡಿ ತಿರುಗಿಸಿ ಪ್ರಿಂಟ್ ತಗೊಳಿ.

ಕಬ್ಬಿಣಕ್ಕೆ ಕೈ ಹಚ್ಚೋಕೆ ಮುಂಚೆ 3 ಮಿ.ಮೀ. ಅಲ್ಯೂಮಿನಿಯಂ ತಂತಿಯಲ್ಲಿ ಇಡೀ ಹಿಡಿನ ನಿಜವಾದ ಅಳತೆಗೆ ಬಾಗಿಸಿ ಕಟ್ಟಿ. ಗ್ಲೌಸ್ ಹಾಕ್ಕೊಂಡು ಕೈ ಒಳಗೆ ಹಾಕಿ ತಿರುಗಿಸಿ ನೋಡಿ, ಎಲ್ಲಿ ತಾಗತ್ತೆ ಅಲ್ಲಿ ಸರಿಮಾಡಿ. ಒಪ್ಪಿಗೆ ಆದ್ಮೇಲೆ ಒಂದೊಂದೇ ತಂತಿ ಬಿಚ್ಚಿ ನೆಟ್ಟಗೆ ಮಾಡಿ ಅಳೆದ್ರೆ ಪ್ರತಿ ಕಂಬಿಗೆ ಎಷ್ಟು ಉದ್ದ ಬೇಕು ಅಂತ ಸಿಕ್ಕಿಬಿಡತ್ತೆ, ಜೊತೆಗೆ ತುದಿಯ ಸುರುಳಿಗೆ ಅಂತ ಸ್ವಲ್ಪ ಜಾಸ್ತಿ ಬಿಡಿ. ಕಂಬಿ ಮೈಲ್ಡ್ ಸ್ಟೀಲ್ 8 ಮಿ.ಮೀ. ದುಂಡು ಸಾಕು. ಗಟ್ಟಿ ಉಕ್ಕು ಬೇಡ, ಏಟು ಬಿದ್ರೆ ಹಿಡಿ ಬಾಗ್ಲಿ, ಸಿಡಿಯೋದು ಬೇಡ. ಬಾಗಿಸೋಕೆ ಮುಂಚೆ ಬಡಿದು ನಡು ದಪ್ಪ ತುದಿ ಸಪೂರ ಮಾಡ್ಕೊಳಿ, ಇದೊಂದು ಮಾಡದೆ ಒಂದೇ ದಪ್ಪದ ಕಂಬಿ ಬಾಗಿಸಿ ಅಂಟಿಸಿದ ಹಿಡಿಗಳು ಕಿಟಕಿ ಗ್ರಿಲ್ ಕೆಲಸ ಅಂತ ದೂರದಿಂದ್ಲೇ ಗೊತ್ತಾಗತ್ತೆ. ಸತು ಲೇಪ ಇರೋ ಕಂಬಿ ಮಾತ್ರ ಯಾವ ಕಾರಣಕ್ಕೂ ಬೇಡ, ಅದರ ಹೊಗೆ ಕುಡಿದ್ರೆ ಚಳಿ ಜ್ವರ ಹಿಡಿದು ಮಲಗ್ತೀರ.

ಇನ್ನೊಂದು, ಹಿಡಿನ ಅಲಗಿನ ಮೇಲೆ ಕೂರಿಸ್ಕೊಂಡು ವೆಲ್ಡ್ ಮಾಡ್ಬೇಡಿ, ಅಲಗಿನ ಹದ ಹೋಗತ್ತೆ. ಟ್ಯಾಂಗ್, ಅಂದ್ರೆ ಹಿಡಿ ಒಳಗೆ ಹೋಗೋ ಅಲಗಿನ ಬಾಲ, ಅದರ ಅಳತೆಗೇ ಒಂದು ರದ್ದಿ ಪಟ್ಟಿ ಉಜ್ಜಿ ವೈಸ್‌ಗೆ ಕಚ್ಚಿಸಿ, ಅದರ ಮೇಲೆ ಹಿಡಿ ಕಟ್ಟಿ. ಎಲ್ಲ ಕಂಬಿಗೂ ಮೊದಲು ಬರೀ ಚುಕ್ಕೆ ವೆಲ್ಡ್, ಕೈ ಹಾಕಿ ನೋಡಿ, ದೂರ ನಿಂತು ನೋಡಿ, ಆಮೇಲೆ ಪೂರ್ತಿ. ಒಂದೇ ಕಡೆ ಪೂರ್ತಿ ಎಳೆದ್ರೆ ಆ ಕಡೆ ಜಗ್ಗಿ ಸೊಟ್ಟ ಆಗತ್ತೆ. ವೆಲ್ಡಿಂಗ್ ಅಷ್ಟಕ್ಕಷ್ಟೇ ಅಂದ್ರಲ್ಲ, ಪರ್ವಾಗಿಲ್ಲ, ಹಿಡಿಯ ಚಂದ ಇರೋದು ಅರದಲ್ಲಿ. ಅರೆದುಂಡು ಅರ, ಇಲಿಬಾಲದ ಅರ, ಆಮೇಲೆ ಎಮರಿ ಬಟ್ಟೆನ ಬೆರಳಗಲ ಪಟ್ಟಿ ಸೀಳಿ ಕಂಬಿ ಹಿಂದಿಂದ ತಂದು ಎರಡೂ ತುದಿ ಹಿಡಿದು ಎಳೆದಾಡಿ. ಬೆಸುಗೆ ಎಲ್ಲಿತ್ತು ಅಂತ ಬೆರಳಿಗೂ ಗೊತ್ತಾಗ್ಬಾರ್ದು. ಇದಕ್ಕೆ ಅಲಗಿಗಿಂತ ಜಾಸ್ತಿ ಟೈಮ್ ಹಿಡಿಯತ್ತೆ, ಈಗ್ಲೇ ಹೇಳಿದೀನಿ.

ಕಾದಕಬ್ಬಿಣ:

ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂದಂಗಾಯ್ತು ಮೇಡಂ 😀 ಕಮ್ಮಾರ ಅಂತ ಹೆಸರಿಟ್ಕೊಂಡು ಅಲಗು ಅಂಗಡಿಯಿಂದ ತರೋದಾ. ಗುರು ನೀನು ಅಲಗು ಬಡಿ. ಬೇಕಾದ್ರೆ ಮೊದಲನೇದು 60-70 ಸೆಂ.ಮೀ. ಮಾಡು, ಬಡಿಯೋಕೆ ಒಂದಡಿ ಕಾಯೋ ಕುಲುಮೆ ಧಾರಾಳ ಸಾಕು, ಸುತ್ತಿಗೆ ಕೆಳಗೆ ಒಂದ್ಸಲಕ್ಕೆ ಕೆಲಸ ಆಗೋದೇ ಒಂದು ಗೇಣು. ಅಲಗನ್ನ ಅಡ್ಡಕ್ಕೆ ಕತ್ತರಿಸಿ ನೋಡಿದ್ರೆ ವಜ್ರದ ಆಕಾರ ಇರ್ಬೇಕು, ಅಂದ್ರೆ ನಾಲ್ಕು ಮುಖ, ಒಂದು ಅಂಚು ಬಡಿದ ತಕ್ಷಣ ಅಲಗು ಆಚೆ ಕಡೆಗೆ ಬಾಗತ್ತೆ, ಆದ್ರಿಂದ ಒಂದೇ ಕಡೆ ಮುಗಿಸೋಕೆ ಹೋಗ್ಬೇಡ, ಈ ಅಂಚು ಒಂದು ಕಾವು, ಆ ಅಂಚು ಒಂದು ಕಾವು ಹಾಗೆ ಬದಲಾಯಿಸ್ತಾ ಹೋಗು. ತುದಿ ಕಡೆ ಹುಷಾರು, ತೆಳ್ಳಗಿರೋದು ಬೇಗ ಕಾದು ಕಿಡಿ ಕಾರೋಕೆ ಶುರುವಾಗತ್ತೆ, ಕಿಡಿ ಬಂತಂದ್ರೆ ಆ ಉಕ್ಕು ಸುಟ್ಟು ಹೋಯ್ತು ಅಂತಾನೇ ಲೆಕ್ಕ, ಕತ್ತರಿಸಿ ಬಿಸಾಕೋದೇ.

ಹದ ಕೊಡೋಕೆ ಮಾತ್ರ ನಿನ್ನ ಕುಲುಮೆ ಆಗಲ್ಲ. ಅಲಗನ್ನ ಹಿಂದೆ ಮುಂದೆ ಆಡಿಸ್ತಾ ಪೂರ್ತಿ ಕೆಂಪು ಮಾಡ್ತೀನಿ ಅಂತ ಎಷ್ಟೋ ಜನ ಹೋಗ್ತಾರೆ, ಬುಡ ಕಾಯೋ ಹೊತ್ತಿಗೆ ತುದಿ ಅತಿಯಾಗಿರತ್ತೆ. ಎರಡು ದಾರಿ. ಒಂದು, ಉದ್ದದ ಡ್ರಮ್ ನಿಲ್ಲಿಸಿ ಒಳಗೆ ಸೆರಾಮಿಕ್ ಉಣ್ಣೆ ಹೊದಿಸಿ ಕೆಳಗಿಂದ ಬರ್ನರ್ ಕೊಟ್ಟು ಅಲಗನ್ನ ನೇತುಹಾಕಿ ಕಾಯಿಸೋದು. ಇನ್ನೊಂದು, ಉದ್ದದ ಫರ್ನೇಸ್ ಇರೋ ಹೀಟ್ ಟ್ರೀಟ್‌ಮೆಂಟ್‌ನವ್ರಿಗೆ ಕೊಟ್ಟುಬಿಡೋದು, ನಿಂತ ಭಂಗಿಯಲ್ಲೇ ಮಾಡಿ ಅಂತ ಹೇಳಿ. ಮಲಗಿಸಿ ಕಾಯಿಸಿದ್ರೆ ತನ್ನ ಭಾರಕ್ಕೇ ಜಗ್ಗತ್ತೆ.

ನೀನೇ ಮಾಡ್ತೀಯ ಅಂದ್ರೆ 5160ಗೆ, ಮೊದಲು ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರೋಕೆ ಬಿಡೋದು, ಪ್ರತಿ ಸಲ ಕಾವು ಸ್ವಲ್ಪ ಕಮ್ಮಿ, ಬಡಿದ ಒತ್ತಡ ಎಲ್ಲ ಇಳೀಲಿ. ಆಮೇಲೆ 830 ಡಿಗ್ರಿ. ಮ್ಯಾಗ್ನೆಟ್ ಅಂಟೋದು ನಿಲ್ಲೋದು 770 ಹತ್ರ, ಅಂದ್ರೆ ಮ್ಯಾಗ್ನೆಟ್ ಬಿಟ್ಟ ಮೇಲೂ ಇನ್ನೊಂಚೂರು ಬೇಕು. 50-60 ಡಿಗ್ರಿ ಬೆಚ್ಚಗಿರೋ ಎಣ್ಣೆಗೆ ತುದಿ ಕೆಳಗೆ ಮಾಡಿ ನೆಟ್ಟಗೆ ಒಂದೇ ಸಲಕ್ಕೆ ಇಳಿಸು, ಕದಡ್ಬೇಡ, ಓರೆ ಹೋದ್ರೆ ಆ ಕಡೆಗೇ ಬಾಗತ್ತೆ. ಎಣ್ಣೆ ಕೊಳವೆ ಅಲಗಿಗಿಂತ ಉದ್ದ ಇರ್ಬೇಕು, ಕಬ್ಬಿಣದ್ದೇ ಇರ್ಬೇಕು, ಅಲಗು ಅರ್ಧಕ್ಕೆ ನಿಂತ್ರೆ ಮೇಲೆ ಬೆಂಕಿ ಹತ್ತತ್ತೆ, ಅದನ್ನ ಮುಚ್ಚೋಕೆ ತಗಡಿನ ಮುಚ್ಚಳ ಕೈಗೆ ಸಿಗೋ ಹಾಗಿರ್ಲಿ, ನೀರು ಮಾತ್ರ ಹತ್ರಾನೂ ತರ್ಬೇಡ.

ಎಣ್ಣೆಯಿಂದ ತೆಗೆದಾಗ ಸೊಟ್ಟ ಕಂಡ್ರೆ ಗಾಬರಿ ಬೇಡ, ಇನ್ನೂ ಕೈ ಸುಡೋಷ್ಟು ಬಿಸಿ ಇರೋ ಆ ಕೆಲವು ಕ್ಷಣ ಉಕ್ಕು ಮಾತು ಕೇಳತ್ತೆ, ದಪ್ಪ ಗ್ಲೌಸಲ್ಲಿ ಹಿಡಿದು ತೊಡೆಗೋ ಮರದ ದಿಮ್ಮಿಗೋ ಆನಿಸಿ ನೆಟ್ಟಗೆ ಮಾಡು. ತಣ್ಣಗಾದ್ಮೇಲೆ ಮುಟ್ಟಿದ್ಯೋ ಪಟ್ ಅಂತ ಎರಡು. ಮಿಕ್ಕ ಸೊಟ್ಟನ ಟೆಂಪರ್ ಮಾಡುವಾಗ, ಅಂದ್ರೆ ಪೆಡಸು ಇಳಿಸೋಕೆ ಕಮ್ಮಿ ಕಾವಲ್ಲಿ ಮತ್ತೆ ಕಾಯಿಸುವಾಗ, ನೆಟ್ಟಗಿರೋ ಆಂಗಲ್‌ಗೆ ಕ್ಲಾಂಪ್ ಹಾಕಿ ತೆಗಿ. ಚಾಕುಗೆ ಮಾಡೋ ಥರ 200 ಡಿಗ್ರಿ ಟೆಂಪರ್ ಸಾಲದು, ಇಷ್ಟು ಉದ್ದದ ಸಪೂರ ಅಲಗಿಗೆ 350-400 ತನಕ ಹೋಗು, ಗಡಸುತನ 50 HRC (ರಾಕ್‌ವೆಲ್ ಅಳತೆ) ಆಸುಪಾಸು ಬರತ್ತೆ, ಸ್ಪ್ರಿಂಗ್ ಥರ ವಾಪಸ್ ಬರತ್ತೆ. ಅಡುಗೆಮನೆ ಓವನ್ ಅಷ್ಟು ಕಾಯಲ್ಲ.

ಟ್ಯಾಂಗ್‌ನ ಯಾಕೋ ಯಾರೂ ಹೇಳ್ಲಿಲ್ಲ. ಅಗಲವಾಗಿ ಬಿಡು, ಅಲಗು ಟ್ಯಾಂಗ್ ಸೇರೋ ಕಡೆ ಹೆಗಲಿನ ಮೂಲೆ ಚೌಕ ಕತ್ತರಿಸ್ಬೇಡ, ದುಂಡು ಅರದಲ್ಲಿ ಸಣ್ಣ ಬಾಗು ಕೊಡು. ಕತ್ತಿಗಳು ಮುರಿಯೋದು ಅಲ್ಲೇ, ಅದೂ ಹಿಡಿ ಒಳಗೆ ಮುಚ್ಚಿರೋದ್ರಿಂದ ಬಿರುಕು ಕಾಣೋದೂ ಇಲ್ಲ.

ತಂತಿ_ಸುತ್ತೋಳು:

@ಕಾದಕಬ್ಬಿಣ ಜುಟ್ಟಿಗೆ ಮಲ್ಲಿಗೆ ಅಂತ ಅಂದ್ಕೊಳಿ ಪರ್ವಾಗಿಲ್ಲ, ಆದ್ರೆ ಅವ್ರು ಕೇಳಿದ್ದು ಕೈಗೆ ನಿಜವಾದ್ದು ಅನ್ನಿಸ್ಬೇಕು ಅಂತ. ಒಳ್ಳೆ ಅಲಗಿಗೆ ಹಿಡಿ ಕಟ್ಟಿ ನೋಡಿದೋರಿಗೆ ಒಳ್ಳೆ ಅಲಗು ಹೇಗಿರತ್ತೆ ಅಂತ ಕೈಗೆ ಗೊತ್ತಿರತ್ತೆ. ಹಾಗೆ ಗೊತ್ತಿಲ್ದೆ ಬಡಿಯೋದು ಬರೀ ಕ್ಯಾಲಿಪರ್ ನಂಬ್ಕೊಂಡು ಬಡಿದಂಗೆ. ಟ್ಯಾಂಗ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ.

ತಕ್ಕಡಿ:

ಬ್ಯಾಲೆನ್ಸ್ ಬಗ್ಗೆ ಲೆಕ್ಕ ಬೇಕಾದ್ರೆ ಇಲ್ಲಿದೆ, ಪಾಮೆಲ್ ಎಷ್ಟು ದೊಡ್ಡದು ಇರ್ಬೇಕು ಅಂತ ಅಂದಾಜಲ್ಲಿ ಮಾಡೋದು ಯಾಕೆ. ಪಾಮೆಲ್ ಬಿಟ್ಟು ಮಿಕ್ಕಿದ್ದೆಲ್ಲ ಜೋಡಿಸಿ ತೂಕ ಹಾಕಿ, ಬೆರಳ ಮೇಲೆ ನಿಲ್ಲಿಸಿ ಅಡ್ಡ ಕಂಬಿಯಿಂದ ಎಷ್ಟು ಮುಂದೆ ಸಮ ನಿಲ್ಲತ್ತೆ ನೋಡಿ. ಉದಾಹರಣೆಗೆ 900 ಗ್ರಾಂ ಇದೆ, 18 ಸೆಂ.ಮೀ. ಮುಂದೆ ನಿಲ್ತಿದೆ, ನಿಮಗೆ 10ಕ್ಕೆ ಬರ್ಬೇಕು ಅನ್ಕೊಳಿ. ಪಾಮೆಲ್ ನಡು ಅಡ್ಡ ಕಂಬಿಯಿಂದ 12 ಸೆಂ.ಮೀ. ಹಿಂದೆ ಇರತ್ತೆ. 900 ಗುಣಿಸು 8, ಅಂದ್ರೆ 7200. ಪಾಮೆಲ್‌ನಿಂದ 10ರ ಗುರುತಿಗೆ 22 ಸೆಂ.ಮೀ. 7200 ಭಾಗಿಸು 22, ಸುಮಾರು 327 ಗ್ರಾಂ. ಒಟ್ಟು 1.2 ಕೆಜಿ ಚಿಲ್ಲರೆ, @ಅರದಪುಡಿ ಹೇಳಿದ ಅಳತೆಗೇ ಬಂದು ಕೂರ್ತು. ಮಾಡುವಾಗ 350 ಗ್ರಾಂ ಮಾಡಿ, ಉಜ್ಜಿ ಇಳಿಸೋದು ಸುಲಭ, ಸೇರಿಸೋಕಾಗಲ್ಲ.

8-12 ಸೆಂ.ಮೀ. ಒಳಗೆ ಎಲ್ಲಿದ್ರೂ ಚೆನ್ನಾಗಿರತ್ತೆ. ತೀರಾ ಕೈಗೇ ತಂದುಬಿಟ್ರೆ ಹಿಡಿದಾಗ ಆಹಾ ಅನ್ಸತ್ತೆ, ಎದುರಾಳಿ ಕತ್ತಿನ ಪಕ್ಕಕ್ಕೆ ತಳ್ಳೋಕೆ ಹೋದ್ರೆ ತೂಕಾನೇ ಇರಲ್ಲ. ಮತ್ತೆ ಅಲಗಿನ ತುದಿ ದಪ್ಪ ಇಟ್ಕೊಂಡು ಪಾಮೆಲ್ ದೊಡ್ಡದು ಮಾಡಿ ಬ್ಯಾಲೆನ್ಸ್ ತಂದ್ರೆ ಬೆರಳ ಮೇಲೇನೋ ಸರಿ ನಿಲ್ಲತ್ತೆ, ತುದಿ ತಿರುಗಿಸೋಕೆ ಹೋದ್ರೆ ಮಣಿಕಟ್ಟು ಬಿದ್ದುಹೋಗತ್ತೆ.

ಕಿಡಿಗೇಡಿ_ಕಮ್ಮಾರ:

ಅಬ್ಬಾ, ಇಷ್ಟೆಲ್ಲ ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಫೋಟೋ ತಿರುಗಿಸಿ ನೋಡ್ದೆ, ಸ್ಕೆಚ್ ಪೂರ್ತಿ ಉಲ್ಟಾ ಹಾಕ್ಬೇಕು. @ತಂತಿ_ಸುತ್ತೋಳು ಮೇಡಂ ಮಾತಿಗೇ ಹೋಗ್ತೀನಿ, ರೆಡಿ ಅಲಗು ತಂದು ಹಿಡಿ, @ಕಾದಕಬ್ಬಿಣ ಅಣ್ಣಂಗೆ ಬೇಜಾರಾಗದ ಹಾಗೆ ಪಕ್ಕದಲ್ಲಿ ಒಂದು ಗಿಡ್ಡ ಅಲಗೂ ಬಡೀತಿರ್ತೀನಿ. ಇನ್ನೆರಡು ಡೌಟ್. ಬಿಲ್ಲಿನ ತುದಿನ ಪಾಮೆಲ್‌ಗೆ ವೆಲ್ಡ್ ಮಾಡೋದಾ? ಹಿಡಿಗೆ ಸುತ್ತೋ ತಂತಿ ಜಡೆ ಹೆಣೆದ ಹಾಗೆ ಕಾಣತ್ತಲ್ಲ ಅದು ಹೇಗೆ?

ಅರದಪುಡಿ:

ವೆಲ್ಡ್ ಬೇಡ್ವೇ ಬೇಡ. ಪಾಮೆಲ್ ಬಿಚ್ಚೋಕೆ ಬರ್ಬೇಕು. ತುದಿನ ಪಾಮೆಲ್‌ನಲ್ಲಿ ಒಂದು ಸಣ್ಣ ಗುಳಿ ಮಾಡಿ ಅದರೊಳಗೆ ಕೂರಿಸಿ, ಇಲ್ಲಾಂದ್ರೆ ಒಂದು ಸ್ಕ್ರೂ. ಪಾಮೆಲ್ ಮುಟ್ಟದೆ ಅಲ್ಲೇ ಹತ್ರ ಬಂದು ಸುರುಳಿ ಸುತ್ತಿ ನಿಂತಿರೋ ಹಳೆ ಹಿಡಿಗಳೂ ಇವೆ, ಅದೂ ಚಂದಾನೇ. ಹಳೆ ಪದ್ಧತಿಯಲ್ಲಿ ಟ್ಯಾಂಗ್ ತುದಿನ ಪಾಮೆಲ್ ಆಚೆ ತಂದು ಸುತ್ತಿಗೆಯಲ್ಲಿ ಬಡಿದು ರಿವೆಟ್ ಥರ ಅರಳಿಸ್ತಾರೆ, ಅದಕ್ಕೆ ಟ್ಯಾಂಗ್ ತುದಿ ಮೆತ್ತಗಿರ್ಬೇಕು, ಗ್ಯಾಸ್ ಟಾರ್ಚಲ್ಲಿ ಆ ತುದಿ ಒಂದನ್ನೇ ನೀಲಿ ಬಣ್ಣ ದಾಟೋ ತನಕ ಕಾಯಿಸಿ, ಅಲಗಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ. ಅರಳಿಸೋದು ಎಲ್ಲ ಕೆಲಸ ಮುಗಿದು ನಾಲ್ಕು ದಿನ ಕೈಯಲ್ಲಿ ಆಡಿಸಿ ತೃಪ್ತಿ ಆದ್ಮೇಲೆ. ಆಡಿಸೋದು ಅಂದ್ರೆ ಒಬ್ರೇ ಆಡಿಸೋದು ಅಂತ, ಕತ್ತಿವರಸೆ ಜೋಡಿ ಅಭ್ಯಾಸಕ್ಕೆ ಕೈಯಲ್ಲಿ ಮಾಡಿದ ಈ ಮೊದಲನೇದನ್ನ ತಗೊಂಡು ಹೋಗ್ಬೇಡಿ, ಅದಕ್ಕೆ ಅಂತಾನೇ ತುದಿ ಮೊಂಡಾಗಿರೋ, ಬಾಗೋ ಅಲಗುಗಳು ಬರ್ತವೆ.

ತಂತಿ_ಸುತ್ತೋಳು:

ತಂತಿ ನನ್ನ ಏರಿಯಾ. ಸಪೂರ ತಂತಿ ಎರಡೆಳೆ ತಗೊಂಡು ಒಂದು ತುದಿ ವೈಸ್‌ಗೆ, ಇನ್ನೊಂದು ತುದಿ ಡ್ರಿಲ್ ಬಾಯಿಗೆ ಕಚ್ಚಿಸಿ ಎಳೆದು ಹಿಡಿದು ನಿಧಾನಕ್ಕೆ ತಿರುಗಿಸಿ, ಹುರಿ ಬರತ್ತೆ. ಇನ್ನೊಂದು ಜೋಡಿ ಅದೇ ಥರ, ಡ್ರಿಲ್ ಮಾತ್ರ ರಿವರ್ಸ್‌ನಲ್ಲಿ. ಈಗ ಒಂದು ಬಲಹುರಿ ಒಂದು ಎಡಹುರಿ, ಎರಡನ್ನೂ ಪಕ್ಕಪಕ್ಕ ಹಿಡಿದು ಒಟ್ಟಿಗೆ ಸುತ್ತಿದ್ರೆ ಜಡೆ ಥರ ಕಾಣತ್ತೆ, ಹೆಣೆದಿರೋದೇನೂ ಇಲ್ಲ ಅಲ್ಲಿ. ಮರದ ತಿರುಳು ಎರಡು ಹೋಳು ಮಾಡಿ ಟ್ಯಾಂಗ್‌ಗೆ ಜಾಗ ಕೊರೆದು ಅಂಟಿಸಿ, ನಡು ಸ್ವಲ್ಪ ಉಬ್ಬು ಇರ್ಲಿ, ಇಲ್ಲಾಂದ್ರೆ ಸುತ್ತು ಜಾರತ್ತೆ. ತಂತಿಯ ತುದಿಗೆ ಮರದಲ್ಲಿ ಒಂದು ಸಣ್ಣ ತೂತು ಹಾಕಿ ಒಳಗೆ ಬಗ್ಗಿಸಿ ಸಿಗಿಸಿ, ಪ್ರತಿ ಐದಾರು ಸುತ್ತಿಗೆ ಮರದ ತುಂಡಲ್ಲಿ ತಳ್ಳಿ ಸಂದಿಲ್ಲದ ಹಾಗೆ ಒತ್ತಿ. ಸುತ್ತುವಾಗ ಒಂದ್ಸಲ ಕೈ ಸಡಿಲ ಬಿಟ್ರೆ ಮತ್ತೆ ಮೊದಲಿಂದ, ಆದ್ರಿಂದ ಫೋನ್ ಸೈಲೆಂಟ್‌ಗೆ ಹಾಕಿ ಕೂತ್ಕೊಳಿ. ಎರಡೂ ತುದಿಗೆ ಬರೋ ಆ ಗಂಟಿನ ಉಂಗುರನ ಬೇರೆ ದಪ್ಪ ತಂತಿಯಲ್ಲಿ ಕಟ್ಟೋದು, ಮೊದಲು ದಾರದಲ್ಲಿ ಪ್ರಾಕ್ಟೀಸ್ ಮಾಡಿ. ತಾಮ್ರ ಅಥ್ವಾ ಹಿತ್ತಾಳೆ ತಂತಿ ಆದ್ರೆ ಸುತ್ತೋ ಮುಂಚೆ ಮಂದ ಕೆಂಪಿಗೆ ಕಾಯಿಸಿ ಮೆತ್ತಗೆ ಮಾಡ್ಕೊಳಿ, ಇಲ್ಲಾಂದ್ರೆ ಹುರಿ ಮಾಡುವಾಗ್ಲೇ ತುಂಡಾಗತ್ತೆ.

ಕಾದಕಬ್ಬಿಣ:

ಗಿಡ್ಡ ಅಲಗು ಎಣ್ಣೆಗೆ ಇಳಿಸೋ ಹಿಂದಿನ ದಿನ ಇಲ್ಲಿ ಫೋಟೋ ಹಾಕು ಗುರು, ಅಂಚು ಎಷ್ಟು ದಪ್ಪ ಬಿಟ್ಟಿದೀಯ ನೋಡ್ಬೇಕು. ಒಂದೂವರೆ ಮಿ.ಮೀ.ಗಿಂತ ಕಮ್ಮಿ ಇದ್ರೆ ಇಳಿಸ್ಬೇಡ, ಅಲೆ ಅಲೆ ಆಗತ್ತೆ.